ಹೃದಯದ ಚಿತ್ರಕ್ಕೆ ಫುಲ್ ಮಾರ್ಕ್ಸು, ರಕ್ತ ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಗೊತ್ತಿಲ್ಲ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆ ಹುಡುಗಿ ಈ ವರ್ಷ ಹತ್ತನೇ ಕ್ಲಾಸು. ಸಂಜೆ ನನ್ನ ಹತ್ರ ಬಯಾಲಜಿಗೆ ಬರ್ತಾಳೆ. ಕೈಬರಹ ಮುತ್ತು ಪೋಣಿಸಿದ ಹಾಗೆ, ಚಿತ್ರ ಅಂತೂ ಅಚ್ಚು ಹಾಕಿದ ಹಾಗೆ. ಹೃದಯ ಬರಿ ಅಂದೆ. ನಾಲ್ಕೇ ನಿಮಿಷ. ನಾಲ್ಕು ಕೋಣೆ, ನಡುವೆ ಕವಾಟ, ಮೇಲೆ ಮಹಾಪಧಮನಿ ಕೊಡೆ ಹಿಡಿಕೆ ತರ ಬಗ್ಗಿದೆ, ಒಂದು ಕಡೆ ಕೆಂಪು ಒಂದು ಕಡೆ ನೀಲಿ, ಸ್ಕೇಲ್ ಇಟ್ಟು ಎಳೆದ ಗೆರೆ, ಗೆರೆ ತುದಿಗೆ ಹೆಸರು. ಬೋರ್ಡ್ ಎಕ್ಸಾಮಲ್ಲಿ ಯಾರೂ ಅರ್ಧ ಮಾರ್ಕೂ ಕಟ್ ಮಾಡೋಕಾಗಲ್ಲ.

ಆಮೇಲೆ ಹೇಳಿದೆ, ಪುಟ್ಟಿ, ನೀನೇ ಒಂದು ಕೆಂಪು ರಕ್ತಕಣ ಅಂತ ಇಟ್ಕೋ, ಈಗ ಕಾಲಿನ ಹೆಬ್ಬೆರಳಲ್ಲಿದ್ದೀಯ, ಅಲ್ಲಿಂದ ಹೊರಟು ಊರೆಲ್ಲ ಸುತ್ತಿ ವಾಪಸ್ ಹೆಬ್ಬೆರಳಿಗೇ ಬರ್ಬೇಕು, ಬೆರಳಿಟ್ಟು ದಾರಿ ತೋರ್ಸು. ಬೆರಳು ಪೇಪರಿನ ಬಲಗಡೆ ಕೋಣೆಗೆ ಹೋಯ್ತು. ಅದು ಎಡ ಹೃತ್ಕರ್ಣ, ಅಂದ್ರೆ ಎಡಗಡೆಯ ಮೇಲಿನ ಕೋಣೆ (ಚಿತ್ರದಲ್ಲಿರೋದು ಎದುರಿಗೆ ನಿಂತವರ ಹೃದಯ, ಅವರ ಎಡ ನಮಗೆ ಬಲ), ಅವಳೇ ಹಾಗಂತ ಹೆಸರು ಬರೆದಿದ್ಲು. ತಿದ್ದಿದ್ಮೇಲೆ ಬಲ ಹೃತ್ಕರ್ಣಕ್ಕೆ ಬಂದ್ಲು, ಅಲ್ಲಿಂದ ಕೆಳಗಿಳಿದ್ಲು, ಆಮೇಲೆ "ಅಲ್ಲಿಂದ ಮೈಗೆಲ್ಲ ಹೋಗುತ್ತೆ ಅಲ್ವಾ ಆಂಟಿ?" ಶ್ವಾಸಕೋಶ ಬಿಟ್ಟೇ ಹೋಯ್ತು. ಸ್ವಲ್ಪ ಹೊತ್ತು ಸುಮ್ನಿದ್ದು ತನ್ನ ಮಣಿಕಟ್ಟು ನೋಡ್ಕೊಂಡು ಕೇಳಿದ್ಲು, "ಆಂಟಿ, ನೀಲಿ ಅಂದ್ರೆ ನಿಜವಾಗ್ಲೂ ನೀಲೀನಾ? ಇಲ್ಲಿ ಕಾಣುತ್ತಲ್ಲ."

ಹಿಂದಿನ ರಾತ್ರಿ ಇವಳು ಫೋನಲ್ಲಿ ಹೃದಯದ ತ್ರೀಡಿ ವಿಡಿಯೋ ಎರಡು ಸಲ ನೋಡಿ ಮಲಗಿದ್ದಾಳೆ ಅಂತ ಅವಳ ಅಮ್ಮ ಹೇಳಿದ್ರು. ಅಂದ್ರೆ ಹಳೇ ಕಾಲದ ಪೆನ್ಸಿಲ್ ಚಿತ್ರ ಕೈಲಿದೆ, ಹೊಸ ಕಾಲದ ವಿಡಿಯೋ ಕಣ್ಣಲ್ಲಿದೆ, ಎರಡೂ ಸೇರಿ ಒಂದು ರಕ್ತಕಣವನ್ನ ಹೆಬ್ಬೆರಳಿಂದ ಹೆಬ್ಬೆರಳಿಗೆ ಮುಟ್ಟಿಸೋಕಾಗ್ಲಿಲ್ಲ. ಈಗ ಎಲ್ಲ ಸ್ಕೂಲಲ್ಲೂ ಸ್ಮಾರ್ಟ್ ಬೋರ್ಡು, ಪಾಠಪುಸ್ತಕದಲ್ಲಿ ಕ್ಯೂಆರ್ ಕೋಡು, ಪ್ರತಿ ಆ್ಯಪಲ್ಲೂ ಆನಿಮೇಷನ್ನು, ನೋಡಿದ್ರೆ ಸಾಕು ಅರ್ಥ ಆಗುತ್ತೆ ಅನ್ನೋ ನಂಬಿಕೆ ಮೇಲೇ ಇಷ್ಟೆಲ್ಲ ದುಡ್ಡು ಸುರೀತಿದ್ದಾರಲ್ಲ, ಆ ನಂಬಿಕೆ ಎಷ್ಟು ಸರಿ ಅಂತ ಸ್ವಲ್ಪ ಕೆದಕಬೇಕು ಅನ್ನಿಸ್ತು.

ಚಿತ್ರದಿಂದ ಕಲಿಕೆ ಗಟ್ಟಿ ಆಗುತ್ತೆ ಅನ್ನೋದು ಸುಳ್ಳೇನಲ್ಲ. ಅಲನ್ ಪೈವಿಯೊ ಅನ್ನೋ ಕೆನಡಾದ ಮನಶ್ಶಾಸ್ತ್ರಜ್ಞ 1971ರಷ್ಟು ಹಿಂದೇನೇ ಇದರ ಬಗ್ಗೆ ಬರೆದ್ರು: ಮಾತು ಒಂದು ದಾರೀಲಿ ತಲೆಗೆ ಹೋಗುತ್ತೆ, ಚಿತ್ರ ಇನ್ನೊಂದು ದಾರೀಲಿ, ಎರಡೂ ಕಡೆ ಕೂತ ವಿಷಯ ಸುಲಭಕ್ಕೆ ಮರೆತುಹೋಗಲ್ಲ. ಅಮೆರಿಕದ ರಿಚರ್ಡ್ ಮೇಯರ್ ಇದನ್ನೇ ಹಿಡ್ಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿದ್ರು, ಚಿತ್ರ ಮತ್ತೆ ಅದರ ವಿವರಣೆ ಹತ್ತಿರ ಹತ್ತಿರ ಇದ್ರೆ ಒಳ್ಳೇದು, ಸಂಬಂಧ ಇಲ್ಲದ ಅಲಂಕಾರ ತೆಗೆದ್ರೆ ಇನ್ನೂ ಒಳ್ಳೇದು, ಹೇಳ್ತಿರೋ ಮಾತನ್ನೇ ಅಕ್ಷರಶಃ ಸ್ಕ್ರೀನಲ್ಲೂ ಓಡಿಸಿದ್ರೆ ಕಲಿಕೆಗೆ ಅಡ್ಡಿ. ಇದನ್ನ ಓದಿ ಯಾವುದಾದ್ರೂ ಕೋಚಿಂಗ್ ವಿಡಿಯೋ ಹಾಕ್ಕೊಂಡು ನೋಡಿ. ಹಿಂದೆ ಡಿಂಗ್ ಡಿಂಗ್ ಮ್ಯೂಸಿಕ್ಕು, ಮೂಲೇಲಿ ಸರ್ ಮುಖ, ಕೆಳಗೆ ಅದೇ ಮಾತು ಅಕ್ಷರದಲ್ಲಿ, ನಡುವೆ ಕುಣಿಯೋ ಗೊಂಬೆ. ಪಾಪ ಹೃದಯ ಎಲ್ಲೋ ಹಿಂದೆ ಬಡ್ಕೊಳ್ತಿರುತ್ತೆ.

ಆನಿಮೇಷನ್ ವಿಷಯ ಇನ್ನೂ ಮಜಾ. 2002ರಲ್ಲಿ ಬಾರ್ಬರಾ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞೆ ಇಬ್ಬರು ಸಂಗಡಿಗರ ಜೊತೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಕೊಂಡು ನೋಡಿದ್ರು. ಓಡೋ ಚಿತ್ರ ನಿಂತ ಚಿತ್ರಕ್ಕಿಂತ ಚೆನ್ನಾಗಿ ಕಲಿಸ್ತು ಅಂತ ಬಂದ ಕಡೆಯೆಲ್ಲ ಒಳಗೆ ಹೋಗಿ ನೋಡಿದ್ರೆ, ಎಷ್ಟೋ ಸಲ ಓಡೋ ಚಿತ್ರದಲ್ಲಿ ಮಾಹಿತೀನೇ ಜಾಸ್ತಿ ಇತ್ತು, ಗೆಲುವು ಓಟದ್ದಲ್ಲ. ಇನ್ನೊಂದು ಏನಂದ್ರೆ ಆನಿಮೇಷನ್ ಬೇಗ ಹೋಗಿಬಿಡುತ್ತೆ, ಕಣ್ಣು ಹಿಡಿಯೋದರೊಳಗೆ ಮುಂದಿನ ದೃಶ್ಯ, ಫಾಸ್ಟ್ ಲೋಕಲ್ ಟ್ರೇನಿನ ಕಿಟಕಿಯಿಂದ ಸ್ಟೇಷನ್ ಬೋರ್ಡ್ ಓದಿದ ಹಾಗೆ. ಅದೇ ವರ್ಷ ಯೇಲ್ ಯೂನಿವರ್ಸಿಟಿಯ ರೋಜನ್‌ಬ್ಲಿಟ್ ಮತ್ತು ಕೈಲ್ ಇನ್ನೊಂದು ಚೇಷ್ಟೆ ಮಾಡಿದ್ರು. ಬ್ಯಾಗಿನ ಜಿಪ್ ಹೇಗೆ ಕೆಲಸ ಮಾಡುತ್ತೆ, ಟಾಯ್ಲೆಟ್ಟಿನ ಫ್ಲಶ್ ಹೇಗೆ ಕೆಲಸ ಮಾಡುತ್ತೆ, ನಿಮಗೆಷ್ಟು ಗೊತ್ತು ಅಂತ ಜನರಿಗೇ ನಂಬರ್ ಹಾಕೋಕೆ ಹೇಳಿದ್ರು. ಎಲ್ಲರೂ ಧಾರಾಳವಾಗಿ ಹಾಕ್ಕೊಂಡ್ರು. ಸರಿ, ಹಂತ ಹಂತವಾಗಿ ವಿವರಿಸಿ ಅಂದಾಗ ಅವರವರೇ ನಂಬರ್ ಇಳಿಸ್ಕೊಂಡ್ರು. ದಿನಾ ನೋಡೋ ವಸ್ತು ಅಂದ್ರೆ ಗೊತ್ತಿರೋ ವಸ್ತು ಅಂತ ನಾವು ಅಂದ್ಕೊಂಡುಬಿಡ್ತೀವಿ. ವಿಡಿಯೋ ನೋಡಿ ಮಲಗಿದ ಹುಡುಗಿಗೂ ಆಗಿದ್ದು ಅದೇ.

ಹಾಗಾಗಿ ನಾನು ಈಗ ಮೊದಲು ಚಿತ್ರ ತೋರಿಸೋದೇ ಇಲ್ಲ. ನಿನ್ನ ತಲೇಲಿ ಏನಿದೆಯೋ ಅದನ್ನ ಬರಿ, ತಪ್ಪಾದ್ರೂ ಪರ್ವಾಗಿಲ್ಲ, ಆಮೇಲೆ ನಿಜವಾದ ಚಿತ್ರ ತೆಗೀತೀನಿ, ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಆಡೋಣ ಅಂತೀನಿ. ನನ್ನ ಸ್ವಂತ ಬುದ್ಧಿ ಏನಲ್ಲ ಇದು. 2011ರಲ್ಲಿ ಏನ್ಸ್‌ವರ್ತ್, ಪ್ರೇಯ್ನ್, ಟೈಟ್ಲರ್ ಅನ್ನೋ ಮೂವರು ವಿಜ್ಞಾನ ಕಲಿಯೋಕೆ ಓದು, ಬರಹ, ಮಾತಿನ ಜೊತೆ ಚಿತ್ರ ಬಿಡಿಸೋದಕ್ಕೂ ಸಮಾನ ಜಾಗ ಕೊಡಬೇಕು ಅಂತ ವಾದ ಮಾಡಿ ಬರೆದ್ರು. ಇಲ್ಲೇ ಮುಂಬೈಯ ಮಾನಖುರ್ದಿನಲ್ಲಿ 1974ರಿಂದ ಇರೋ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲೂ ಮಕ್ಕಳು ದೇಹದೊಳಗಿನ ಅಂಗಗಳನ್ನ ಮಾತಲ್ಲಿ ಹೇಗೆ ಹೇಳ್ತಾರೆ, ಚಿತ್ರದಲ್ಲಿ ಹೇಗೆ ತೋರಿಸ್ತಾರೆ ಅಂತ ಸಂಶೋಧನೆ ಆಗಿದೆ. ನಮ್ಮ ಶಾಲೆಗಳಲ್ಲಿ ಬಿಡಿಸೋದು ಅಂದ್ರೆ ಪುಸ್ತಕದ್ದನ್ನ ಇಳಿಸೋದು. ಮಗುವಿನ ತಲೆಯೊಳಗೆ ಏನಿದೆ ಅಂತ ಹೊರಗೆ ತೆಗೆಯೋ ಚಿತ್ರ ಬೇರೇನೇ, ಅದನ್ನ ಬರೆಸೋರು ಕಮ್ಮಿ.

ಈ ಹೃದಯದ ವಿಷಯದಲ್ಲಿ ಚಿತ್ರವನ್ನೇ ವಾದಕ್ಕೆ ಬಳಸಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. 1628ರಲ್ಲಿ ಆತ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹೃದಯದ ಅಲಂಕಾರದ ಚಿತ್ರ ಇಲ್ಲ, ಕೈ ಇದೆ. ಮೊಣಕೈ ಮೇಲೆ ಬಟ್ಟೆ ಕಟ್ಟಿದ ಕೈ, ಉಬ್ಬಿದ ಅಭಿಧಮನಿ (ಹೃದಯಕ್ಕೆ ರಕ್ತ ವಾಪಸ್ ತರೋ ನಾಳ), ಅದರಲ್ಲಿ ಅಲ್ಲಲ್ಲಿ ಗಂಟು, ಅಂದ್ರೆ ಒಳಗೆ ಕವಾಟ ಇರೋ ಜಾಗ, ಮೇಲೆ ಬೆರಳಿಂದ ಒತ್ತಿ ಸವರೋದು. ಒಂದು ದಿಕ್ಕಿಗೆ ಸವರಿದ್ರೆ ರಕ್ತ ಸರಿಯುತ್ತೆ, ಹಿಂದಕ್ಕೆ ತುಂಬ್ಕೊಳ್ಳಲ್ಲ. ನೋಡಿದವರು ತಮ್ಮ ಕೈ ಮೇಲೇ ಮಾಡಿ ನೋಡಬಹುದು. ಅದರ ಜೊತೆ ಒಂದು ಗುಣಾಕಾರ. ಒಂದು ಬಡಿತಕ್ಕೆ ಇಷ್ಟು ರಕ್ತ, ಅರ್ಧ ಗಂಟೆಗೆ ಇಷ್ಟು ಬಡಿತ, ಗುಣಿಸಿದ್ರೆ ದೇಹದಲ್ಲಿರೋ ರಕ್ತಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ, ಅಂದ್ಮೇಲೆ ಅದೇ ರಕ್ತ ಸುತ್ತಿ ಸುತ್ತಿ ಬರ್ತಿರಬೇಕು. ಆದ್ರೆ ಹೃದಯದಿಂದ ರಕ್ತ ಒಯ್ಯೋ ಅಪಧಮನಿ ತುದಿಯಿಂದ ಅಭಿಧಮನಿಗೆ ಹೇಗೆ ದಾಟುತ್ತೆ ಅಂತ ಹಾರ್ವೆಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಎರಡನ್ನೂ ಜೋಡಿಸೋ ಕೂದಲಿನಂಥ ಲೋಮನಾಳ ನೋಡೋವರೆಗೂ ಆ ಜಾಗ ಖಾಲಿನೇ ಇತ್ತು. ಇದನ್ನ ಹೇಳಿದ್ರೆ ಮಕ್ಕಳಿಗೆ ಖುಷಿ. ಅಷ್ಟು ದೊಡ್ಡ ಮನುಷ್ಯನ ಚಿತ್ರದಲ್ಲೂ ಒಂದು ಗ್ಯಾಪ್ ಇತ್ತಲ್ಲ ಅಂತ.

ಒಂದು ಭಾನುವಾರ ಸೊಸೈಟಿ ಟೆರೇಸ್ ಮೇಲೆ ಚಾಕ್‌ಪೀಸಿಂದ ಹೃದಯ ಬರೆದ್ವಿ. ನಾಲ್ಕು ಕೋಣೆ, ಒಬ್ಬರು ನುಗ್ಗೋವಷ್ಟೇ ಬಾಗಿಲು. ನೀರಿನ ಟ್ಯಾಂಕಿನ ಪಕ್ಕ ಶ್ವಾಸಕೋಶ, ಮೆಟ್ಟಿಲ ಹತ್ರ ಬಾಡಿ. ಕೆಳಗಿನ ಉಡುಪಿ ಹೋಟೆಲಿನ ಅಣ್ಣನ ಹತ್ರ ಒಂದು ಚೀಲ ಸೋಡಾ ಬಾಟಲಿ ಮುಚ್ಚಳ ಇಸ್ಕೊಂಡು ಬಂದಿದ್ದೆ, ಅದೇ ಆಕ್ಸಿಜನ್. ಹನ್ನೊಂದು ಮಕ್ಕಳು ರಕ್ತಕಣ, ಇಬ್ಬರು ಪಂಪು, ಒಬ್ಬ ಬಲಗಡೆ ಒಬ್ಬ ಎಡಗಡೆ, ಚಪ್ಪಾಳೆ ತಟ್ಟಿದಾಗೆಲ್ಲ ಪಂಪಿನವನು ಬಾಗಿಲಿಂದ ಒಬ್ಬೊಬ್ಬರನ್ನ ಹೊರಗೆ ಕಳಿಸಬೇಕು. ಟ್ಯಾಂಕಿನ ಹತ್ರ ಮುಚ್ಚಳ ತಗೋ, ಎಡಗಡೆಗೆ ಬಾ, ಮೆಟ್ಟಿಲ ಹತ್ರ ಮುಚ್ಚಳ ಕೊಡು, ಬಲಗಡೆಗೆ ಬಾ. ಐದು ನಿಮಿಷದಲ್ಲಿ ಎಲ್ಲರಿಗೂ ದಾರಿ ಬಂತು, ಯಾರೂ ಬಾಯಿಪಾಠ ಮಾಡ್ಲಿಲ್ಲ. ಎಡ ಬಲದ ಗೊಂದಲವೂ ಹೋಯ್ತು ಯಾಕಂದ್ರೆ ಹೃದಯ ನೆಲದ ಮೇಲೆ ಅಂಗಾತ ಮಲಗಿತ್ತು, ನೀನೂ ಅದರ ಪಕ್ಕ ಅಂಗಾತ ಮಲಗು ಅಂದ್ರೆ ಬಲ ಯಾವುದು ಅಂತ ಬೆನ್ನಿಗೇ ಗೊತ್ತಾಗುತ್ತೆ.

ಅಸಲಿ ವಿಷಯ ಆಮೇಲೆ ಆಗಿದ್ದು. ಬಲಗಡೆ ಪಂಪಿನ ಹುಡುಗ ಜೋರು, ಒಂದು ಚಪ್ಪಾಳೆಗೆ ಇಬ್ಬರನ್ನ ತಳ್ಳೋಕೆ ಶುರು ಮಾಡಿದ. ಎಡಗಡೆಯವಳು ನಿಯತ್ತಾಗಿ ಒಬ್ಬರನ್ನೇ ಕಳಿಸ್ತಿದ್ಲು. ಎರಡೇ ನಿಮಿಷದಲ್ಲಿ ಟ್ಯಾಂಕಿನ ಹತ್ರ ಜಾಮ್. ದಾದರ್ ಸ್ಟೇಷನ್ನಿನ ಬ್ರಿಡ್ಜ್ ತರ. "ಆಂಟಿ, ಶ್ವಾಸಕೋಶದಲ್ಲಿ ಜಾಗ ಇಲ್ಲ!" ಅಂತ ಕೂಗಾಟ. ಅಲ್ಲೇ ಕೂತು ಲೆಕ್ಕ ಮಾಡಿದ್ವಿ. ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ತಳ್ಳುತ್ತೆ, ನಿಮಿಷಕ್ಕೆ 70 ಬಡಿತ ಅಂದ್ರೆ ಹತ್ತಿರ ಹತ್ತಿರ 5 ಲೀಟರ್, ದೇಹದಲ್ಲಿರೋ ರಕ್ತವೂ ಹೆಚ್ಚುಕಮ್ಮಿ ಅಷ್ಟೇ, ಅಂದ್ರೆ ಸರಾಸರಿ ಒಂದು ನಿಮಿಷಕ್ಕೆ ಒಂದು ರೌಂಡು. ಈಗ ಬಲಗಡೆ ಪಂಪು ಎಡಗಡೆಗಿಂತ ಪ್ರತಿ ಬಡಿತಕ್ಕೆ ಬರೀ 1 ಮಿಲಿಲೀಟರ್ ಜಾಸ್ತಿ ತಳ್ಳಿದ್ರೆ? ಹತ್ತು ನಿಮಿಷಕ್ಕೆ 700 ಮಿಲಿಲೀಟರ್ ಶ್ವಾಸಕೋಶದಲ್ಲಿ ನಿಂತುಬಿಡ್ಬೇಕು. ಹಾಗಾಗಲ್ಲ, ಯಾಕಂದ್ರೆ ಹೃದಯದ ಸ್ನಾಯು ಜಾಸ್ತಿ ತುಂಬಿ ಹಿಗ್ಗಿದಷ್ಟೂ ಜಾಸ್ತಿ ಜೋರಾಗಿ ಹಿಂಡುತ್ತೆ, ಎಡಗಡೆಗೆ ಜಾಸ್ತಿ ಬಂತಾ, ಅದೂ ಜಾಸ್ತಿ ಕಳಿಸುತ್ತೆ. ಎಡಗಡೆ ಸೋತರೆ ಮಾತ್ರ ಹಿಂದೆ ಶ್ವಾಸಕೋಶದಲ್ಲಿ ನೀರು ಸೇರುತ್ತೆ, ಅಜ್ಜಂದಿರು ರಾತ್ರಿ ಮಲಗಿದ್ರೆ ಉಸಿರು ಕಟ್ಟಿ ಎದ್ದು ಕೂರ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು. ಒಬ್ಬ ಹುಡುಗನ ಅಜ್ಜನಿಗೆ ಹಾಗೇ ಆಗಿತ್ತು. ಅವನು ಆಮೇಲೆ ಆಟದಲ್ಲಿ ಮುಚ್ಚಳ ಎಸೀಲಿಲ್ಲ.

ಇದಕ್ಕೆ ಖರ್ಚು ಎರಡು ಚಾಕ್‌ಪೀಸು. ಹಾಗಂತ ಚಾಕ್‌ಪೀಸು ಶ್ರೇಷ್ಠ, ಸ್ಕ್ರೀನ್ ಕನಿಷ್ಠ ಅಂತ ನಾನು ಹೇಳ್ತಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಜಾಮ್. ಚಿತ್ರವನ್ನ ಕೆಡಿಸೋಕೆ ಆಗಬೇಕು, ತಪ್ಪು ಮಾಡಿದ್ರೆ ಅದು ತಪ್ಪಾಗಿ ಓಡಬೇಕು. ವಿಡಿಯೋದಲ್ಲಿ ಹೃದಯ ಯಾವತ್ತೂ ಕೆಡಲ್ಲ.

ಅದಕ್ಕೇ ಕೊಲರಾಡೋ ಯೂನಿವರ್ಸಿಟಿಯ ಫೆಟ್ ಸಿಮ್ಯುಲೇಷನ್‌ಗಳು, ಅಂದ್ರೆ ನಾವೇ ಬದಲಾಯಿಸಿ ಏನಾಗುತ್ತೆ ಅಂತ ನೋಡಬಹುದಾದ ಕಂಪ್ಯೂಟರ್ ಮಾದರಿಗಳು, ನನಗಿಷ್ಟ. ಫಿಸಿಕ್ಸ್ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಬ್ರೌಸರಲ್ಲೇ ಓಡುತ್ತೆ, ಫ್ರೀ. ಅದರಲ್ಲಿ ಒಂದು ಮೊಲದ ಆಟ ಇದೆ, ಬಿಳಿ ಮೊಲದ ಹಿಂಡಲ್ಲಿ ಕಂದು ಬಣ್ಣದ ಮ್ಯುಟೇಷನ್ (ವಂಶವಾಹಿಯಲ್ಲಾಗೋ ಬದಲಾವಣೆ) ಬಿಡಬಹುದು, ತೋಳ ಬಿಡಬಹುದು, ಜಾಗ ಹಿಮದ್ದೋ ಬಯಲಿನದ್ದೋ ಬದಲಾಯಿಸಬಹುದು. ತೋಳ ಬಿಡೋ ಮೊದಲು ಗ್ರಾಫ್ ಹೇಗೆ ಹೋಗುತ್ತೆ ಅಂತ ಪೇಪರ್ ಮೇಲೆ ಗೆರೆ ಎಳೀರಿ ಅಂತೀನಿ. ಆ ಗೆರೆ ಇಲ್ಲದೆ ಆಡಿದ್ರೆ ಅದೂ ಬರೀ ಗೇಮು, ಎಲ್ಲ ಮೊಲ ಸತ್ತಾಗ ಚಪ್ಪಾಳೆ ತಟ್ಟಿ ಎದ್ದು ಹೋಗ್ತಾರೆ.

ಇನ್ನು ಚಿತ್ರಗಳ ಸುಳ್ಳು. ಎಲ್ಲ ಚಿತ್ರವೂ ಏನನ್ನೋ ತೋರಿಸೋಕೆ ಏನನ್ನೋ ಮುಚ್ಚಿಡುತ್ತೆ, ಅದು ತಪ್ಪಲ್ಲ, ಆದ್ರೆ ಏನು ಮುಚ್ಚಿಟ್ಟಿದೆ ಅಂತ ಮೇಷ್ಟ್ರು ಹೇಳದೇ ಇದ್ರೆ ಮಗು ಅದನ್ನೇ ಸತ್ಯ ಅಂದ್ಕೊಳ್ಳುತ್ತೆ. ನೀಲಿ ರಕ್ತ ಅದರಲ್ಲಿ ದೊಡ್ಡದು. ಆಕ್ಸಿಜನ್ ಕಮ್ಮಿ ಇರೋ ರಕ್ತ ಗಾಢ ಕೆಂಪು, ಕೋಕಂ ಬಣ್ಣ ಅಂತಿಟ್ಕೊಳ್ಳಿ. ಬ್ಲಡ್ ಟೆಸ್ಟಿಗೆ ತೆಗೆದದ್ದು ಅಭಿಧಮನಿ ರಕ್ತವೇ, ಸಿರಿಂಜಲ್ಲಿ ಯಾರಾದ್ರೂ ನೀಲಿ ನೋಡಿದ್ದೀರಾ? ಅಭಿಧಮನಿ ನೀಲಿ ಕಾಣೋದು ಬೆಳಕು ಚರ್ಮದೊಳಗೆ ಹೋಗಿ ಚದುರಿ ವಾಪಸ್ ಬರೋ ರೀತಿಯಿಂದ. ಇದನ್ನ ಹೇಳಿದ್ಮೇಲೆ ನಮ್ಮ ಹುಡುಗಿ ನೀಲಿ ಪೆನ್ಸಿಲ್ ಬಿಟ್ಟು ಮರೂನ್ ತಗೊಂಡ್ಲು, ಎಕ್ಸಾಮಲ್ಲಿ ನೀಲೀನೇ ಹಾಕಮ್ಮ ಅಂತ ನಾನೇ ಹೇಳಬೇಕಾಯ್ತು, ನಾಚಿಕೆ ಆಯ್ತು ನನಗೆ.

ಜೀವಕೋಶದ ಚಿತ್ರ ಇನ್ನೊಂದು. ತವಾ ಮೇಲಿನ ಆಮ್ಲೆಟ್ ತರ, ನಡುವೆ ಹಳದಿ ಕೋಶಕೇಂದ್ರ, ಅಲ್ಲೊಂದು ಇಲ್ಲೊಂದು ಮೈಟೊಕಾಂಡ್ರಿಯ, ಉಳಿದದ್ದೆಲ್ಲ ಖಾಲಿ ಜಾಗ. ಡೇವಿಡ್ ಗುಡ್ಸೆಲ್ ಅನ್ನೋ ವಿಜ್ಞಾನಿ ಕೋಶದೊಳಗಿನ ಅಣುಗಳನ್ನ ಅಳತೆಗೆ ಸರಿಯಾಗಿ ವಾಟರ್‌ಕಲರಲ್ಲಿ ಬರೀತಾರೆ, ಅದನ್ನ ತೋರಿಸಿದ್ರೆ ಮುಂಬೈ ಮಕ್ಕಳಿಗೆ ಒಂದು ಪದವೂ ವಿವರಿಸಬೇಕಾಗಿಲ್ಲ, "ಇದು ಬೆಳಗ್ಗೆ ಎಂಟೂವರೆ ಲೋಕಲ್ಲು" ಅಂತ ಅವರೇ ಹೇಳ್ತಾರೆ. ಕಾಲಿಡೋಕೆ ಜಾಗ ಇಲ್ಲ. ಹಾರ್ವರ್ಡಿಗೋಸ್ಕರ 2006ರಲ್ಲಿ ಮಾಡಿದ ಒಂದು ಪ್ರಸಿದ್ಧ ಆನಿಮೇಷನ್ ಇದೆ, ಅದರಲ್ಲಿ ಕೈನೆಸಿನ್ ಅನ್ನೋ ಪ್ರೋಟೀನು ಒಂದು ದೊಡ್ಡ ಮೂಟೆ ಎಳ್ಕೊಂಡು ಹಗ್ಗದ ಮೇಲೆ ಗತ್ತಿನಿಂದ ಹೆಜ್ಜೆ ಹಾಕುತ್ತೆ. ಅದ್ಭುತವಾಗಿದೆ, ನಾನೂ ಮೈಮರೆತು ನೋಡಿದ್ದೀನಿ. ಹೆಜ್ಜೆ ನಿಜ, ಒಂದೊಂದೂ 8 ನ್ಯಾನೋಮೀಟರ್, ಒಂದು ಹೆಜ್ಜೆಗೆ ಒಂದು ಎಟಿಪಿ, ಅಂದ್ರೆ ಕೋಶಕ್ಕೆ ಶಕ್ತಿ ಕೊಡೋ ಅಣು. ಆದ್ರೆ ಸುತ್ತಲಿನ ಗದ್ದಲ ಇಲ್ಲ, ಅಲ್ಲಿ ಎಲ್ಲವೂ ನೀರಿನ ಅಣುಗಳ ಹೊಡೆತಕ್ಕೆ ಸದಾ ನಡುಗ್ತಾ ಇರುತ್ತೆ, ಕಾಲು ಎತ್ತಿದ್ಮೇಲೆ ಆ ನಡುಕದಲ್ಲೇ ತಡಕಾಡಿ ಮುಂದಿನ ಜಾಗ ಹಿಡಿಯುತ್ತೆ. ವಿಡಿಯೋ ನೋಡಿದ ಮಗು "ಪ್ರೋಟೀನಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿದೆ" ಅಂತ ಬರೆಯುತ್ತೆ. ಗೊತ್ತಿಲ್ಲ. ದಾದರಲ್ಲಿ ಇಳಿಯೋರು ಎಷ್ಟೋ ಸಲ ಜನ ತಳ್ಳಿದ್ದಕ್ಕೆ ಇಳಿದಿರ್ತಾರಲ್ಲ, ಹಂಗೆ. ಒಂದೇ ವ್ಯತ್ಯಾಸ, ಕೈನೆಸಿನ್ನಿಗೆ ಎಟಿಪಿ ಖರ್ಚು ಮಾಡಿದ್ಮೇಲೆ ಹಿಂದಕ್ಕೆ ಬರೋದು ಕಷ್ಟ.

ವಿಕಾಸದ ಸಾಲು ಗೊತ್ತಲ್ಲ, ಬಗ್ಗಿದ ಮಂಗ, ಸ್ವಲ್ಪ ಎದ್ದ ಮಂಗ, ಕೊನೆಗೆ ನೆಟ್ಟಗೆ ನಿಂತ ಗಂಡಸು. ಹಾಗಾದ್ರೆ ಸಂಜಯ್ ಗಾಂಧಿ ಪಾರ್ಕಿನಲ್ಲಿ ಇನ್ನೂ ಮಂಗ ಯಾಕಿವೆ ಅಂತ ಕೇಳದೇ ಇರೋ ಮಗು ಇಲ್ಲ, ಆ ಪ್ರಶ್ನೆ ಹುಟ್ಟಿದ್ದೇ ಆ ಚಿತ್ರದಿಂದ. ಡಾರ್ವಿನ್ 1837ರಲ್ಲಿ ತನ್ನ ನೋಟ್‌ಬುಕ್ಕಲ್ಲಿ ಗೀಚಿದ್ದು ಸಾಲಲ್ಲ, ಕವಲೊಡೆಯೋ ಗಿಡ. ಕೇಂದ್ರದ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿಯವರು 2023ರ ಹತ್ತನೇ ಕ್ಲಾಸ್ ಪುಸ್ತಕದಿಂದ ವಿಕಾಸವನ್ನೇ ತೆಗೆದುಬಿಟ್ರು, ನಾನು ಪಾಠ ಮಾಡೋ ಮಹಾರಾಷ್ಟ್ರ ಬೋರ್ಡಿನ ಹತ್ತನೇ ಕ್ಲಾಸ್ ಪುಸ್ತಕದಲ್ಲಿ ಅದು ಮೊದಲನೇ ಪಾಠದಲ್ಲೇ ಇದೆ. ರಾಜ್ಯದ ಪಠ್ಯಪುಸ್ತಕ ಮಾಡೋ ಪುಣೆಯ ಬಾಲಭಾರತಿಯವರು ಅದೇ ಪುಸ್ತಕ ಕನ್ನಡದಲ್ಲೂ ಅಚ್ಚು ಹಾಕ್ತಾರೆ, ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಿಗೂ ಜತ್ತ, ಅಕ್ಕಲಕೋಟೆ ಕಡೆಯ ಶಾಲೆಗಳಿಗೂ ಅದೇ.

ಕನ್ನಡ ಅಂದಾಗ ಒಂದು ಮಾತು. ಚಿತ್ರಕ್ಕೆ ಅಂಟಿಸೋ ಹೆಸರುಗಳು ಇದಾವಲ್ಲ, ಮಕ್ಕಳು ಅದನ್ನ ಮಂತ್ರದ ತರ ಉರು ಹೊಡೀತಾರೆ, ಆದ್ರೆ ಆ ಹೆಸರುಗಳೂ ಚಿತ್ರಗಳೇ. ಹೃತ್ಕರ್ಣ, ಕರ್ಣ ಅಂದ್ರೆ ಕಿವಿ, ಹೃದಯದ ಮೇಲೆ ನಿಜವಾಗ್ಲೂ ಕಿವಿ ತರ ಒಂದು ಮಡಿಕೆ ಇದೆ, ಮಟನ್ ಅಂಗಡಿಯವನ ಹತ್ರ ಹೃದಯ ತಂದು ನೋಡಿದ್ರೆ ಕಾಣುತ್ತೆ. ಹೃತ್ಕುಕ್ಷಿ, ಕುಕ್ಷಿ ಅಂದ್ರೆ ಹೊಟ್ಟೆ. ಇಲ್ಲಿನ ಮಕ್ಕಳಿಗೆ ಮರಾಠಿ ಹಿಂದಿ ಪುಸ್ತಕದ ಹೆಸರೂ ಕಿವಿಗೆ ಬಿದ್ದಿರುತ್ತೆ, ಅಲಿಂದ, ನಿಲಯ. ಅಲಿಂದ ಅಂದ್ರೆ ಜಗಲಿ, ನಿಲಯ ಅಂದ್ರೆ ಮನೆ. ಊರಲ್ಲಿ ಅಜ್ಜಿ ಮನೆ ನೋಡಿದ ಮಗುವಿಗೆ ಬಂದವರು ಮೊದಲು ಜಗಲೀಲಿ ಕೂತು ಆಮೇಲೆ ಒಳಗೆ ಹೋಗ್ತಾರೆ ಅಂತ ಹೇಳಿಕೊಡಬೇಕಾ? ಲ್ಯಾಟಿನ್ನಿನ ಏಟ್ರಿಯಂ ಕೂಡ ರೋಮನ್ ಮನೆಯ ಮುಂದಿನ ಹಜಾರವೇ. ಒಂದೇ ಚಿತ್ರಕ್ಕೆ ಮೂರು ಭಾಷೆಯ ಹೆಸರು ಹಾಕಿ ಅರ್ಥ ಬಿಡಿಸಿದ್ರೆ, ಹತ್ತನೇವರೆಗೆ ಕನ್ನಡದಲ್ಲಿ ಓದಿ ಹನ್ನೊಂದಕ್ಕೆ ಇಂಗ್ಲಿಷಿಗೆ ಬೀಳೋ ಮಕ್ಕಳಿಗೆ ಅದು ಸೇತುವೆ ಆಗುತ್ತೆ. ಪದ ಬದಲಾದ್ರೂ ಬೆರಳು ಅದೇ ಜಾಗಕ್ಕೆ ಹೋಗುತ್ತಲ್ಲ.

ಅಳತೆ ಕೂಡ ಹಾಗೇ, ಸಂಖ್ಯೆ ಓದಿದ್ರೆ ಬರಲ್ಲ, ಕಾಣಬೇಕು. ಸಣ್ಣ ಕರುಳು ಸುಮಾರು 6 ಮೀಟರ್ ಅಂತ ಪುಸ್ತಕದಲ್ಲಿದೆ. ನಾನು ಒಂದು ಸೀರೆ ಬಿಡಿಸಿ ಹಾಲಿಂದ ಪ್ಯಾಸೇಜಿನವರೆಗೆ ಹಾಸ್ತೀನಿ, ಐದೂವರೆ ಮೀಟರ್, ಚೂರು ಕಮ್ಮಿ. ಆಮೇಲೆ ಅದನ್ನೇ ನೆರಿಗೆ ಹಿಡಿದು ಹೊಟ್ಟೆಗೆ ಸಿಕ್ಕಿಸ್ಕೊಂಡು ತೋರಿಸ್ತೀನಿ, ಇಷ್ಟುದ್ದ ಇಷ್ಟರಲ್ಲಿ ಹೇಗೆ ಹಿಡಿಸುತ್ತೆ ಅಂದ್ರೆ ಮಡಿಕೆಯಿಂದ. ಕರುಳಿನ ಒಳಗೂ ಮಡಿಕೆ, ಮಡಿಕೆ ಮೇಲೆ ಬೆರಳಿನಂಥ ವಿಲ್ಲೈ, ಅದರ ಮೇಲೆ ಇನ್ನೂ ಸಣ್ಣ ಕೂದಲು. ಹಳೇ ಪುಸ್ತಕಗಳು ಇದನ್ನೆಲ್ಲ ಬಿಡಿಸಿ ಹಾಸಿದ್ರೆ ಒಂದು ಟೆನಿಸ್ ಕೋರ್ಟ್ ಆಗುತ್ತೆ ಅಂತಿದ್ವು, ಟೀಚರ್ ಆಗಿ ನಾನೇ ವರ್ಷಗಟ್ಟಲೆ ಹೇಳಿದ್ದೀನಿ. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದಾಗ ಇಡೀ ಜೀರ್ಣನಾಳಕ್ಕೆ ಸೇರಿ ಬಂದಿದ್ದು ಸುಮಾರು 32 ಚದರ ಮೀಟರ್. ಅಂದ್ರೆ 340 ಚದರ ಅಡಿ ಚಿಲ್ಲರೆ, ನಮ್ಮೂರ ಲೆಕ್ಕದಲ್ಲಿ ಒಂದು ಒನ್ ರೂಮ್ ಕಿಚನ್. ಮಕ್ಕಳು ನಾವು ಕೂತಿದ್ದ ರೂಮಿನ ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದ್ರು. ಟೆನಿಸ್ ಕೋರ್ಟ್ ಅಂದಾಗ ಒಬ್ಬರೂ ಹಾಗೆ ಕಣ್ಣಾಡಿಸಿರ್ಲಿಲ್ಲ, ಡೊಂಬಿವಲಿಯಲ್ಲಿ ಟೆನಿಸ್ ಕೋರ್ಟ್ ನೋಡಿದವರಾದ್ರೂ ಯಾರು.

ಇದೆಲ್ಲದರ ಜೊತೆ ನಿಜವಾದ ವಸ್ತು ಬೇಕೇ ಬೇಕು. ಸ್ಟ್ಯಾನ್‌ಫರ್ಡಿನಲ್ಲಿರೋ ನಮ್ಮ ದೇಶದ ಮನು ಪ್ರಕಾಶ್ ತಂಡ 2014ರಲ್ಲಿ ಫೋಲ್ಡ್‌ಸ್ಕೋಪ್ ಅಂತ ಕಾಗದದ ಮೈಕ್ರೋಸ್ಕೋಪ್ ಹೊರಗೆ ತಂತು, ಮಡಚಿ ಜೇಬಲ್ಲಿ ಇಡಬಹುದು, 140 ಪಟ್ಟು ದೊಡ್ಡದು ಮಾಡುತ್ತೆ. ಈರುಳ್ಳಿ ಸಿಪ್ಪೆ, ಕುಂಡದ ನೀರು, ಸೊಳ್ಳೆ ರೆಕ್ಕೆ, ಇದಕ್ಕೆಲ್ಲ ಧಾರಾಳ ಸಾಕು. ಫೋನಿನ ಕ್ಯಾಮೆರಾಕ್ಕೆ ಅಂಟಿಸಿದ್ರೆ ಎಲ್ಲರೂ ಒಟ್ಟಿಗೆ ನೋಡಬಹುದು. ಐರೋಲಿ ಕಡೆ ಸಮುದ್ರದ ಹಿನ್ನೀರಿಗೆ ಕರ್ಕೊಂಡು ಹೋದ್ರೆ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡದ ಎಲೆ ಮೇಲೆ ಉಪ್ಪಿನ ಹರಳು ಬರೀ ಕಣ್ಣಿಗೇ ಕಾಣುತ್ತೆ, ನೆಕ್ಕಿದ್ರೆ ಉಪ್ಪು. ವಿಸರ್ಜನೆ ಅನ್ನೋ ಪಾಠ ನಾಲಿಗೆಗೆ ಬಂತು.

ಕೋಶವಿಭಜನೆಗೆ ಮಾತ್ರ ಒಳ್ಳೆ ಮೈಕ್ರೋಸ್ಕೋಪ್ ಬೇಕು. ಕಾರ್ಕಳದ ಕಡೆಯ ಒಬ್ಬರು ಇಲ್ಲಿ ಕಾಲೇಜಿನ ಲ್ಯಾಬಲ್ಲಿ ಕೆಲಸ ಮಾಡ್ತಾರೆ, ಅವರ ಕೃಪೆ. ಈರುಳ್ಳಿಯನ್ನ ಲೋಟದ ನೀರಿನ ಮೇಲೆ ಕೂರಿಸಿದ್ರೆ ಮೂರ್ನಾಲ್ಕು ದಿನಕ್ಕೆ ಬಿಳೀ ಬೇರು ಇಳಿಯುತ್ತೆ. ತುದಿಯ ಎರಡು ಮಿಲಿಮೀಟರ್ ಕತ್ತರಿಸಿ, ಆಲ್ಕೊಹಾಲ್ ಅಸೆಟಿಕ್ ಆಸಿಡ್ಡಿನಲ್ಲಿ ಹಾಕಿಟ್ಟು, ಆಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಬಿಸಿ ಮಾಡಿ ಮೆತ್ತಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಮೇಲೆ ಕವರ್ ಸ್ಲಿಪ್ ಇಟ್ಟು ಹೆಬ್ಬೆರಳಿಂದ ನೆಟ್ಟಗೆ ಒತ್ತಬೇಕು, ಬೆರಳು ಚೂರು ಜಾರಿದ್ರೂ ಎಲ್ಲ ಹೋಯ್ತು. "ಅವಸರ ಮಾಡ್ಬೇಡಿ ಅಕ್ಕ, ದೋಸೆ ಅಲ್ಲ ಇದು" ಅಂತ ನನಗೇ ಬೈದ್ರು. ನಮ್ಮ ಹುಡುಗಿ ಕಣ್ಣಿಟ್ಟು ಮೊದಲು ಹೇಳಿದ್ದು "ಇದರಲ್ಲಿ ಏನೂ ಆಗ್ತಿಲ್ಲ". ಪುಸ್ತಕದಲ್ಲಿ ನಾಲ್ಕು ಹಂತಕ್ಕೆ ನಾಲ್ಕು ಸಮನಾದ ಗೋಲ ಇರುತ್ತಲ್ಲ, ಇಲ್ಲಿ ಸಾಲುಗಟ್ಟಲೆ ಸುಮ್ನೆ ಕೂತ ಕೋಶ. ಎಣಿಸು ಅಂದೆ. 120 ಎಣಿಸಿದ್ರೆ 9ರಲ್ಲಿ ಮಾತ್ರ ಕ್ರೋಮೋಸೋಮ್ ಎದ್ದು ಕಾಣ್ತಿತ್ತು, ಅಂದ್ರೆ ಒಡೆದು ಎರಡಾಗ್ತಿದ್ದಿದ್ದು ಅವಷ್ಟೇ. ಒಂದು ವಿಭಜನೆಯಿಂದ ಮುಂದಿನದರವರೆಗೆ ಒಂದು ಸುತ್ತು ಸುಮಾರು ಒಂದು ದಿನ ಅಂತ ಇಟ್ಕೊಂಡ್ರೆ 120ಕ್ಕೆ 24 ಗಂಟೆ, 9ಕ್ಕೆ ಎಷ್ಟು? ಎರಡು ಗಂಟೆಗೂ ಕಮ್ಮಿ. ನಿಂತ ಚಿತ್ರದಿಂದ ಸಮಯ ಅಳೆದ್ಲು ಹುಡುಗಿ. ಉಳಿದ ಇಪ್ಪತ್ತೆರಡು ಗಂಟೆ ಆ ಕೋಶ ಬೆಳೀತಾ, ಡಿಎನ್‌ಎ ನಕಲು ಮಾಡ್ಕೊಳ್ತಾ ಇರುತ್ತೆ ಅಂತ ಆಮೇಲೆ ಹೇಳಿದೆ, ಆಗ "ಏನೂ ಆಗ್ತಿಲ್ಲ" ಅಂದಿದ್ದಕ್ಕೆ ಅವಳೇ ನಕ್ಕಳು.

ಇದೆಲ್ಲ ಸ್ಕೂಲಲ್ಲಿ ಯಾಕಾಗಲ್ಲ ಅಂದ್ರೆ ಟೀಚರನ್ನ ಬೈಯೋದು ಸುಲಭ. ಅರವತ್ತು ಮಕ್ಕಳ ಕ್ಲಾಸು, ಮೂವತ್ತೈದು ನಿಮಿಷದ ಪೀರಿಯಡ್ಡು, ಸ್ಮಾರ್ಟ್ ಬೋರ್ಡ್ ಆನ್ ಮಾಡಿದ್ರೆ ಮಕ್ಕಳು ಗಪ್‌ಚುಪ್, ಅಷ್ಟರಲ್ಲಿ ಹಾಜರಿ ಕೆಲಸ ಮುಗಿಸಬಹುದು, ನಾನಿದ್ದಿದ್ರೂ ಅದನ್ನೇ ಮಾಡ್ತಿದ್ನೇನೋ. ಎಕ್ಸಾಮ್ ಕೇಳೋದೂ ಅದನ್ನೇ. ಬೋರ್ಡಿಗೆ ಅಂದವಾದ ಚಿತ್ರ ಮತ್ತೆ ಹೆಸರು. ನೀಟಿನಲ್ಲಿ 720ರಲ್ಲಿ 360 ಮಾರ್ಕ್ಸ್ ಬಯಾಲಜಿದು, 90 ಪ್ರಶ್ನೆ, ಒಂದು ಗೆರೆಯನ್ನೂ ಎಳೆಯೋ ಹಾಗಿಲ್ಲ, ಗೋಲ ತುಂಬೋದಷ್ಟೇ. ಬಯಾಲಜಿ ಅಂದ್ರೆ ಉರು ಹೊಡೆಯೋ ಸಬ್ಜೆಕ್ಟು ಅನ್ನೋ ಹೆಸರು ಸುಮ್ನೆ ಬಂದಿಲ್ಲ. ಪ್ರಶ್ನೆಪತ್ರಿಕೇಲಿ ಒಂದು ತಪ್ಪು ಚಿತ್ರ ಕೊಟ್ಟು ಇದರಲ್ಲಿ ಏನು ಕೆಟ್ಟಿದೆ, ಕೆಟ್ಟರೆ ಮುಂದೇನಾಗುತ್ತೆ ಅಂತ ಒಂದೇ ಒಂದು ಪ್ರಶ್ನೆ ಕೇಳೋಕೆ ಶುರು ಮಾಡ್ಲಿ, ಆ ಜೂನಿಂದಲೇ ಕೋಚಿಂಗ್ ಕ್ಲಾಸುಗಳೂ ಹಾಗೇ ಕಲಿಸೋಕೆ ಶುರು ಮಾಡ್ತವೆ, ಅವರ ಮೂಗು ಬಲು ಚುರುಕು.

ಹೋದ ವಾರ ಹುಡುಗಿ ಮತ್ತೆ ಬಂದ್ಲು, ಕೈಲಿ ಹೃದಯದ ಚಿತ್ರ, ಆದ್ರೆ ಪುಸ್ತಕದ್ದಲ್ಲ. ಎಡ ಬಲ ಎರಡು ಪಂಪನ್ನ ಪೇಪರಿನ ಎರಡು ಅಂಚಿಗೆ ಬೇರೆ ಬೇರೆ ಬರೆದಿದ್ದಾಳೆ, ನಡುವೆ ಮೇಲೆ ಶ್ವಾಸಕೋಶ, ಕೆಳಗೆ ಬಾಡಿ, ಸುತ್ತ ಬಾಣ. ನೋಡೋಕೆ ಚೆಂದ ಇಲ್ಲ, ಯಾವ ಎಕ್ಸಾಮಲ್ಲೂ ಮಾರ್ಕ್ಸ್ ಬರಲ್ಲ. ಅವಳ ಚಿಕ್ಕಮ್ಮನಿಗೆ ಈಗ ಏಳು ತಿಂಗಳು.

"ಆಂಟಿ, ಹೊಟ್ಟೇಲಿರೋ ಪಾಪು ಉಸಿರಾಡಲ್ಲ ಅಲ್ವಾ? ಮತ್ತೆ ಬಲಗಡೆ ಪಂಪು ಅಷ್ಟೂ ರಕ್ತ ಶ್ವಾಸಕೋಶಕ್ಕೆ ಕಳಿಸಿ ಏನು ಮಾಡುತ್ತೆ? ಅಲ್ಲಿ ಮುಚ್ಚಳನೇ ಇಲ್ವಲ್ಲ."

ಅವಳ ಪುಸ್ತಕದಲ್ಲಿ ಇದು ಎಲ್ಲೂ ಇಲ್ಲ. ನೀನೇ ಇಂಜಿನಿಯರ್ ಆಗಿದ್ರೆ ಏನು ಮಾಡ್ತಿದ್ದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಪೇಪರ್ ನೋಡಿದ್ಲು, ಪೇಪರ್ ಮಡಚಿ ಎರಡು ಪಂಪನ್ನ ಪಕ್ಕಪಕ್ಕ ತಂದ್ಲು, ಎರಡೂ ಜಗಲಿ ಗೋಡೆ ಒಂದಕ್ಕೊಂದು ತಾಗಿದ್ವು. ರಬ್ಬರ್ ತಗೊಂಡು ಆ ಗೋಡೇಲಿ ಒಂದು ತೂತು ಮಾಡಿದ್ಲು, ನನ್ನ ಮುಖ ನೋಡಿದ್ಲು. ಹೂಂ, ಅಲ್ಲೇ ಇರುತ್ತೆ ಅಂದೆ, ಹುಟ್ಟಿದ್ಮೇಲೆ ಮುಚ್ಚಿಕೊಳ್ಳುತ್ತೆ, ನಾಲ್ಕು ಜನ ದೊಡ್ಡವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ಮುಚ್ಚಿರೋದೇ ಇಲ್ಲ. ಅವಳು ತನ್ನ ಎದೆ ಮೇಲೆ ಕೈಯಿಟ್ಕೊಂಡು, "ನಂದು ಮುಚ್ಚಿದ್ಯೋ ಇಲ್ವೋ ಹೇಗೆ ನೋಡೋದು?" ಅಂದ್ಲು.